ಇದ್ದತ್ತಿನ ಮಳೆಗಾಲ ಮತ್ತು ಇವರ ಜಪಾನು

ಮೊನ್ನೆ ತವರಿಗೆ ಹೋಗಿ ವಾಪಸು ಬರುವಾಗ ಕಬಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಬಂತೆಂದು ಪಕ್ಕದ ಹಾರ್ಡ್‌ವೇರ್ ಅಂಗಡಿಯ ಮಾಡಿನ ಕೆಳಗೆ ಹೋಗಿ ನಿಂತೆ. ಒಳಗಿನಿಂದ ಟರ್ಪಂಟೈನು, ಹೊಸ ಪೈಪು, ನಾರಿನ ಹಗ್ಗ, ಸಿಮೆಂಟು ಎಲ್ಲ ಸೇರಿದ ಒಂದು ವಾಸನೆ ಬಂತು. ಆ ವಾಸನೆಯ ಅಂಗಿಗಳನ್ನು ನಾನು ಎರಡು ವರ್ಷ ಒಗೆದವಳು. ಎಷ್ಟು ಸೋಪು ತಿಕ್ಕಿದರೂ ಬಿಡುವುದಿಲ್ಲವೆಂದು ಗೊಣಗಿದವಳು. ಬಸ್ಸು ಬಂತು, ನಿಂತಿತು, ಕಂಡಕ್ಟರ್ ಎರಡು ಸಲ ಕರೆದ, ಹೋಯಿತು. ನಾನು ಅಲ್ಲೇ ನಿಂತಿದ್ದೆ, ಆಲಂಕಾರಿನ ಗಂಡನ ಮನೆಯೊಳಗೆ ಕಳೆದ ಆ ಒಂದು ಮಳೆಗಾಲದಲ್ಲಿ.

ಇವರು, ಅಂದರೆ ನನ್ನ ಗಂಡ ಹಮೀದ್, ಗಲ್ಫಿನಲ್ಲಿ ಜಪಾನಿನವರ ಒಂದು ಕಂಪನಿಯ ಸೈಟಿನಲ್ಲಿ ಬಹಳ ವರ್ಷ ಸ್ಟೋರ್ ಕೀಪರ್ ಆಗಿದ್ದರು. ಊರಿಗೆ ಬರುವವರೆಲ್ಲ ಕಂಬಳಿ, ಅತ್ತರು, ಟಾರ್ಚು ತಂದರೆ ಇವರು ಜಪಾನನ್ನೇ ತಂದರು. ಆ ಸೈಟಿನಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಎಂಜಿನಿಯರಿನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಸಾಲಾಗಿ ನಿಂತು ಪಿಯಾನೊ ಹಾಡಿಗೆ ಕೈಕಾಲು ಆಡಿಸಬೇಕಂತೆ. ಗಲ್ಫ್ ಬಿಟ್ಟು ಬಂದು ಆಲಂಕಾರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಮೇಲೂ ಇವರು ಅದನ್ನು ಬಿಡಲಿಲ್ಲ. ಲುಂಗಿ ಎತ್ತಿ ಕಟ್ಟಿ, ಮೊಬೈಲನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು, ಅಂಗಳದಲ್ಲಿ ಕೈ ಬೀಸುತ್ತಿದ್ದರು. ಪಕ್ಕದ ಮನೆಯ ಸರೋಜಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. "ಎಂತ ಹಮೀದ್, ಇವತ್ತು ಹಾರ್ಲಿಕ್ಕೆ ಆಯ್ತಾ?" ಎಂದು ಗೋಡೆಯಾಚೆಯಿಂದ ಕೇಳುವುದು ದಿನದ ಮಾಮೂಲು.

ಇನ್ನೊಂದು ಅಭ್ಯಾಸ ಬೆರಳು ತೋರಿಸುವುದು. ಮನೆಯಿಂದ ಹೊರಡುವ ಮೊದಲು ಗ್ಯಾಸಿನ ಕಡೆ ಬೆರಳು ಚಾಚಿ, "ಗ್ಯಾಸ್ ಬಂದ್. ಯೋಶಿ!" ಎನ್ನುವರು. ಬಾಗಿಲ ಚಿಲಕ ತೋರಿಸಿ ಯೋಶಿ, ಬೈಕಿನ ಸ್ಟ್ಯಾಂಡ್ ತೋರಿಸಿ ಯೋಶಿ. ಸರಿ ಉಂಟು ಎಂಬ ಅರ್ಥವಂತೆ. ಅಲ್ಲಿ ಕ್ರೇನು ನಡೆಸುವವನೂ ಹಾಗೆ ಬೆರಳು ತೋರಿಸಿ ಗಟ್ಟಿಯಾಗಿ ಹೇಳಿಯೇ ಗುಂಡಿ ಒತ್ತಬೇಕಂತೆ. ನಾನು ನಗಾಡಿದರೆ ವಿವರಿಸುತ್ತಿದ್ದರು. "ಕಣ್ಣು ನೋಡ್ಬೇಕು, ಬೆರಳು ತೋರಿಸ್ಬೇಕು, ಬಾಯಿ ಹೇಳ್ಬೇಕು, ಕಿವಿ ಕೇಳ್ಬೇಕು. ಇಷ್ಟು ಒಟ್ಟಿಗೆ ಆದ್ರೆ ಮನಸ್ಸಿಗೆ ಬೇರೆ ಕಡೆ ಓಡ್ಲಿಕ್ಕೆ ದಾರಿ ಇಲ್ಲ."

ಈ ಎರಡನ್ನು ಮನೆಯವರು ಹೇಗೋ ಸಹಿಸಿಕೊಂಡರು. ಆದರೆ ಹೊಟ್ಟೆ ಪೂರ್ತಿ ತುಂಬುವ ಮೊದಲು ಏಳಬೇಕು, ಜಪಾನಿನ ಮುದುಕರು ಹಾಗೆ ಮಾಡಿಯೇ ನೂರು ವರ್ಷ ಬದುಕುವುದು ಎಂದು ಶುರು ಮಾಡಿದಾಗ ಮಾಮಿಗೆ, ಅಂದರೆ ಇವರ ತಾಯಿಗೆ, ತಡೆಯಲಾಗಲಿಲ್ಲ. ನಮ್ಮ ಮನೆಗಳಲ್ಲಿ ಬೇಡ ಬೇಡವೆಂದು ಬಟ್ಟಲಿಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿನಿಂದ ಸಾರು ಸುರಿಯುವುದೇ ಮರ್ಯಾದೆ. "ನನ್ನ ಮನೆಯಲ್ಲಿ ಹಸಿದು ಏಳುದಾ ಮೋನೆ? ನಾನೆಂತ ಸತ್ತು ಹೋಗಿದ್ದೇನಾ?" ಎಂದು ಮಗನ ಬಟ್ಟಲಿಗೆ ಇನ್ನೆರಡು ಪತ್ತಿರಿ ರೊಟ್ಟಿ ಹಾಕಿದರು. ಇವರು ತಿಂದರು. ಉಮ್ಮನ ಮುಂದೆ ಜಪಾನು ನಡೆಯುತ್ತಿರಲಿಲ್ಲ.

ನೂರು ವರ್ಷದ ಮಾತಾಡುತ್ತಿದ್ದ ಮನುಷ್ಯ ನಲವತ್ತೆರಡಕ್ಕೆ ಹೋದರು. ಮೇ ತಿಂಗಳ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದವರು ಅರ್ಧಕ್ಕೆ ಬಿಟ್ಟು ಕುಸಿದು ಕುಳಿತರಂತೆ. ಕಡಬದ ಆಸ್ಪತ್ರೆಗೆ ಕೊಂಡುಹೋದಾಗ ಏನೂ ಉಳಿದಿರಲಿಲ್ಲ. ಆ ದಿನವೂ ಅಂಗಳದಲ್ಲಿ ಕೈ ಬೀಸಿ, ಗ್ಯಾಸಿಗೆ ಬೆರಳು ತೋರಿಸಿಯೇ ಹೊರಟಿದ್ದರು. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಜಪಾನಿನ ಮೇಲೆ ಸಿಟ್ಟು, ಆ ಪಿಯಾನೊ ಹಾಡಿನ ಮೇಲೆ ಸಿಟ್ಟು. ಎಲ್ಲವನ್ನೂ ತೋರಿಸಿ ಸರಿ ಉಂಟು ಎಂದವರಿಗೆ ತಮ್ಮ ಎದೆಯನ್ನೊಮ್ಮೆ ತೋರಿಸಿಕೊಳ್ಳಲು ಆಗಲಿಲ್ಲವೇ ಎಂದು ಇವರ ಮೇಲೂ ಸಿಟ್ಟು.

ಆಗ ನನಗೆ ಮೂರು ತಿಂಗಳು ತುಂಬಿತ್ತು. ಮದುವೆಯಾಗಿ ಹನ್ನೊಂದು ವರ್ಷ, ಅದರಲ್ಲಿ ಹೆಚ್ಚಿನದು ಇವರು ಅಲ್ಲಿ, ನಾನು ಇಲ್ಲಿ. ಎರಡು ಸಲ ಬಸಿರು ನಿಂತದ್ದು ಎರಡು ಸಲವೂ ಹೋಗಿತ್ತು. ಇದು ಮೂರನೆಯದು. ಇವರಿಂದ ನನಗೆ ಉಳಿದದ್ದೆಂದರೆ ಇದೊಂದೇ. ಇದೂ ಹೋದರೆ ನಾನು ಇರುವುದು ಯಾಕೆ ಎಂದು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಆದರೆ ಬೆಳಿಗ್ಗೆ ಎದ್ದ ಕೂಡಲೇ ಬರುತ್ತಿದ್ದ ಯೋಚನೆ ಅದೇ.

ನಮ್ಮಲ್ಲಿ ಗಂಡ ತೀರಿಕೊಂಡ ಹೆಣ್ಣು ಇದ್ದತ್ ಕೂರಬೇಕು. ಗಂಡನ ಮನೆಯಲ್ಲೇ, ಅಲಂಕಾರ ಅತ್ತರುಗಳಿಲ್ಲದೆ, ಹೊರಗೆ ಓಡಾಡದೆ ನಾಲ್ಕು ತಿಂಗಳು ಹತ್ತು ದಿನ. ಬಸುರಿಯಾದರೆ ಲೆಕ್ಕ ಬೇರೆ. ಹೆರಿಗೆಯಾಗುವ ಗಳಿಗೆಯವರೆಗೂ ಇದ್ದತ್. ಮಗು ಭೂಮಿಗೆ ಬಿತ್ತೆಂದರೆ ಅದೇ ಕ್ಷಣಕ್ಕೆ ಮುಗಿಯಿತು. ನಾನು ಬಣ್ಣದ ಬಟ್ಟೆಗಳನ್ನು ಪೆಟ್ಟಿಗೆಗೆ ಹಾಕಿ, ಬಳೆ ತೆಗೆದು, ಒಳಗಿನ ಕೋಣೆ ಸೇರಿದೆ. ಜೂನ್ ಬಂತು, ಮಳೆ ಹಿಡಿಯಿತು. ಕಿಟಕಿಯಿಂದ ಕಾಣುತ್ತಿದ್ದದ್ದು ಮಳೆಗೆ ಪ್ಲಾಸ್ಟಿಕ್ ಕಟ್ಟಿಸಿಕೊಂಡು ನಿಂತ ರಬ್ಬರ್ ಮರಗಳು ಮಾತ್ರ.

ಡಾಕ್ಟರಲ್ಲಿಗೆ ಹೋಗಲು ಅಡ್ಡಿಯಿರಲಿಲ್ಲ. ಪುತ್ತೂರಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಮುಖ ಸಣ್ಣ ಮಾಡಿದರು. "ಮಗು ಬೆಳೆಯುದು ಸಾಲ್ತಾ ಇಲ್ಲ. ನಿಮ್ಮ ಬಿ.ಪಿ. ಕೂಡ ಮೇಲೆ ಉಂಟು. ಮದ್ದು ಕೊಡ್ತೇನೆ. ಆದ್ರೆ ನೀವು ಊಟ ಮಾಡ್ಬೇಕು, ನಿದ್ದೆ ಮಾಡ್ಬೇಕು. ಮನಸ್ಸನ್ನು ಶಾಂತವಾಗಿ ಇಟ್ಕೊಳ್ಬೇಕು."

"ಎಲ್ಲಿ ಇಟ್ಕೊಳ್ಳುದು ಡಾಕ್ಟ್ರೆ?" ಎಂದು ಕೇಳಿದೆ. ಕುಚೋದ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ಅವರು ನನ್ನ ಕೈ ಮುಟ್ಟಿ, ಚೀಟಿಯಲ್ಲಿ ಮದ್ದು ಬರೆಯತೊಡಗಿದರು.

ಆ ಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು. ನೋಡಲು ಬರುವ ಹೆಂಗಸರು ಬಾಗಿಲಲ್ಲೇ ಅಳಲು ಶುರು ಮಾಡಿ, ನನ್ನನ್ನೂ ಅಳಿಸಿ, ಹೋಗುವಾಗ "ಬೇಜಾರು ಮಾಡ್ಬೇಡ, ಮಗುವಿಗೆ ಆಗುದಿಲ್ಲ" ಎನ್ನುವರು. ತಂಗಿ ಕಬಕದಿಂದ ಮೊಬೈಲಿಗೆ ವಿಡಿಯೊ ಕಳಿಸುತ್ತಿದ್ದಳು. ಒಂದರಲ್ಲಿ ಕಾಡಿನೊಳಗೆ ಸುಮ್ಮನೆ ನಿಂತು ಮರಗಳ ಗಾಳಿ ಕುಡಿಯಬೇಕು, ಕಾಡಿನ ಸ್ನಾನವೆಂದು ಅದಕ್ಕೆ ಹೆಸರು, ಅದರಿಂದ ನೆಮ್ಮದಿ ಸಿಗುತ್ತದೆ, ಜಪಾನಿನಲ್ಲಿ ಡಾಕ್ಟರೇ ಹೇಳುತ್ತಾರೆ ಎಂದಿತ್ತು. ಅಂಗಳಕ್ಕೆ ಇಳಿಯದವಳಿಗೆ ಕಾಡಿನ ಸ್ನಾನ! ಆ ದೇಶದ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ನೆಮ್ಮದಿ ಎಂಬುದು ಅಂಗಡಿಯಲ್ಲಿ ಸಿಗುವ ಸಾಮಾನಿನ ಹಾಗೆ, ನಾನು ತಂದುಕೊಳ್ಳದೆ ಹಟ ಮಾಡುತ್ತಿರುವ ಹಾಗೆ ಎಲ್ಲರೂ ಮಾತಾಡುತ್ತಿದ್ದರು. ಶಾಂತವಾಗಿರಬೇಕು ಎಂಬ ಹೆದರಿಕೆಗೇ ನನಗೆ ನಿದ್ದೆ ಬರುತ್ತಿರಲಿಲ್ಲ.

ಮಾಮಿ ಅನ್ನವನ್ನು ಮೀನು ಸಾರಿನಲ್ಲಿ ಕಲಸಿ ತುತ್ತು ಮಾಡಿ ಕೊಟ್ಟರೆ ಬಾಯಲ್ಲೇ ಇಟ್ಟುಕೊಂಡು ಕೂರುತ್ತಿದ್ದೆ. ಅವರಿಗೂ ಮಗ ಹೋಗಿದ್ದ. ಅದನ್ನು ನಾನು ಯೋಚಿಸಲೇ ಇಲ್ಲ ಎಂದಲ್ಲ, ಯೋಚಿಸುವ ತಾಕತ್ತು ಇರಲಿಲ್ಲ. ಜೊತೆಗೆ ಇನ್ನೊಂದು ಶುರುವಾಯಿತು. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಉಸಿರು ಅರ್ಧಕ್ಕೆ ನಿಲ್ಲುವುದು, ಕೈ ಜೋಮು ಹಿಡಿಯುವುದು. ಬಂದಾಗಲೆಲ್ಲ ಇವರ ಹಾಗೆ ನಾನೂ ಈಗಲೇ ಹೋಗುತ್ತೇನೆ, ಮಗುವನ್ನೂ ಕೊಂಡುಹೋಗುತ್ತೇನೆ ಅನ್ನಿಸುತ್ತಿತ್ತು. ಬಿ.ಪಿ. ಇಳಿಯಲಿಲ್ಲ. ಮುಂದಿನ ಸ್ಕ್ಯಾನಿನಲ್ಲಿ ಮಗು ಇನ್ನೂ ಹಿಂದೆ ಬಿದ್ದಿತ್ತು. ಹೀಗೇ ಆದರೆ ತಿಂಗಳು ತುಂಬುವವರೆಗೆ ಕಾಯಲು ಆಗುವುದಿಲ್ಲ, ಬೇಗ ತೆಗೆದರೆ ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಈ ಸಲ ಮುಚ್ಚುಮರೆಯಿಲ್ಲದೆ ಹೇಳಿದರು.

ಜುಲೈಯ ಒಂದು ಸಂಜೆ ಕರೆಂಟಿರಲಿಲ್ಲ. ಮಾಮಿ ಒಳಗೆ ನಮಾಜಿಗೆ ನಿಂತಿದ್ದರು. ನಾನು ಹಾಲು ಕಾಯಿಸಲು ಇಟ್ಟು ಎಲ್ಲೋ ನೋಡುತ್ತಾ ನಿಂತವಳಿಗೆ ಎಚ್ಚರವಾದಾಗ ಹಾಲು ಉಕ್ಕಿ ಉರಿ ಆರಿ, ಅಡುಗೆಮನೆ ತುಂಬ ಗ್ಯಾಸಿನ ವಾಸನೆ. ಓಡಿ ನಾಬ್ ತಿರುಗಿಸಿ ಕಿಟಕಿ ತೆರೆದೆ. ಬಂದ್ ಆಯಿತೇ? ಮತ್ತೆ ಮುಟ್ಟಿ ನೋಡಿದೆ. ಆಗಿದೆ. ನಿಜವಾಗಿ ಆಗಿದೆಯೇ? ಮತ್ತೆ ಮುಟ್ಟಿದೆ. ಕೈ ನಂಬುವುದಿಲ್ಲ, ಕಣ್ಣು ನಂಬುವುದಿಲ್ಲ. ಉಸಿರು ಸಿಕ್ಕಿಹಾಕಿಕೊಂಡಿತು. ನೆಲಕ್ಕೆ ಕುಸಿದೆ. ಮಾಮಿಯನ್ನು ಕರೆಯಲು ಸ್ವರ ಬರುತ್ತಿಲ್ಲ. ಇದೇ ಕೊನೆ, ಹೊಟ್ಟೆಯೊಳಗಿನದ್ದಕ್ಕೂ ಇದೇ ಕೊನೆ ಎಂದು ಖಂಡಿತವಾಗಿ ಅನ್ನಿಸಿತು.

ನನ್ನ ಬಲಗೈ ಯಾವಾಗ ಎದ್ದಿತೋ ಗೊತ್ತಿಲ್ಲ. ಬೆರಳು ನೆಟ್ಟಗೆ ಗ್ಯಾಸಿನ ಕಡೆಗಿತ್ತು. "ಗ್ಯಾಸ್ ಬಂದ್," ಎಂದೆ. ಸ್ವರ ಒಡೆದಿತ್ತು. ಇನ್ನೊಮ್ಮೆ ಗಟ್ಟಿಯಾಗಿ, "ಗ್ಯಾಸ್ ಬಂದ್. ಯೋಶಿ." ಅದು ನನ್ನ ಕಿವಿಗೆ ಕೇಳಿಸಿತು. ಬೆರಳನ್ನು ಕಿಟಕಿಯ ಕಡೆ ತಿರುಗಿಸಿದೆ. "ಕಿಟಕಿ ತೆರೆದಿದೆ. ಯೋಶಿ." ನೀರಿನ ಕೊಡ, ಯೋಶಿ. ಬಾಗಿಲು, ಯೋಶಿ. ಹೀಗೆ ಅಡುಗೆಮನೆಯ ಅರ್ಧ ಸಾಮಾನು ಹೇಳಿ ಮುಗಿಯುವಾಗ ಉಸಿರು ತನ್ನಷ್ಟಕ್ಕೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ನಮಾಜು ಮುಗಿಸಿ ಬಂದ ಮಾಮಿ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಮಗನ ಮಾತು ನನ್ನ ಬಾಯಲ್ಲಿ ಬರುತ್ತಿತ್ತು. ಆಮೇಲೆ ಉಕ್ಕಿದ ಹಾಲನ್ನು ಒರೆಸಲು ಕುಳಿತರು.

ಅಂದಿನಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಸಿಟ್ಟು ಹೋಗಲಿಲ್ಲ. ಎಷ್ಟೋ ದಿನ ಬೆರಳು ತೋರಿಸಿಯೂ ಉಸಿರು ಬರದೆ ಒದ್ದಾಡಿದ್ದೇನೆ. ಆದರೆ ಮನಸ್ಸನ್ನು ಶಾಂತವಾಗಿಡು ಎನ್ನುವವರು ಕೊಡದ ಒಂದು ಕೆಲಸವನ್ನು ಇದು ಕೊಟ್ಟಿತು. ಬೆಳಿಗ್ಗೆ ಎದ್ದರೆ ಮಾತ್ರೆಗೆ ಬೆರಳು ತೋರಿಸುತ್ತಿದ್ದೆ. "ಮಾತ್ರೆ ತಕ್ಕೊಂಡಾಯ್ತು. ಯೋಶಿ." ಬಟ್ಟಲಿನ ಅನ್ನ ತೋರಿಸಿ, "ಇಷ್ಟು ಉಂಟು," ಎಂದು ಹೇಳಿ ತಿನ್ನುತ್ತಿದ್ದೆ. ಕೊನೆಗೆ ಹೊಟ್ಟೆಯನ್ನು ತೋರಿಸುವುದು. ಅದಕ್ಕೆ ಮಾತ್ರ ನಾನೊಬ್ಬಳೇ ಯೋಶಿ ಎನ್ನುವ ಹಾಗಿರಲಿಲ್ಲ. ಒಳಗಿನಿಂದ ಒಂದು ಒದೆತ ಬರುವವರೆಗೆ ಬೆರಳು ಹಿಡಿದೇ ಕಾಯಬೇಕಿತ್ತು.

ಇದು ನೆಂಟರ ಕಣ್ಣಿಗೆ ಬೀಳದೆ ಇರುತ್ತದೆಯೇ? ಕಬಕದಿಂದ ನನ್ನ ಉಮ್ಮನ ಅಕ್ಕ ನೋಡಲು ಬಂದಿದ್ದರು. ನಾನು ಕೋಣೆಯಲ್ಲಿ ಒಬ್ಬಳೇ ಗೋಡೆಗೆ, ಚಿಲಕಕ್ಕೆ ಬೆರಳು ತೋರಿಸಿ ಯೋಶಿ ಯೋಶಿ ಎನ್ನುವುದನ್ನು ಬಾಗಿಲ ಸಂದಿಯಿಂದ ನೋಡಿ ಬಿಳಿಚಿಕೊಂಡು ಅಡುಗೆಮನೆಗೆ ಓಡಿದರು. "ಇವಳು ಯಾರನ್ನು ಕರೆಯುದು? ಯೋಶಿ ಹೇಳಿದ್ರೆ ಯಾರದು? ಇದು ಮನುಷ್ಯರ ಹೆಸರಲ್ಲ. ಬಸುರಿ ಬೇರೆ, ಇದ್ದತ್ ಬೇರೆ. ಯಾವುದೋ ಜಿನ್ನ್ ಹಿಡಿದಿದೆ." ಎರಡೇ ದಿನದಲ್ಲಿ ಜಿನ್ನ್ ಬಿಡಿಸಲು ಓದಿ ಊದಿದ ನೀರಿನ ಬಾಟಲಿ ಬಂತು. ಆ ಮೇಲೆ ಬಂದ ಹೆಂಗಸರು ನನ್ನಿಂದ ಸ್ವಲ್ಪ ದೂರದಲ್ಲೇ ಕೂರುತ್ತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹಿಡಿದುಕೊಳ್ಳಲು ಸಿಕ್ಕಿದ್ದು ಇದೊಂದು, ಇದನ್ನೂ ಬಿಡಿಸಿದರೆ ಎಂಬ ಹೆದರಿಕೆಯೇ ಹೆಚ್ಚಾಗಿತ್ತು. ಆ ವಾರ ಬಿ.ಪಿ. ಮತ್ತೆ ಏರಿತು.

ಮಾಮಿ ಒಂದು ಬೆಳಿಗ್ಗೆ ಮಸೀದಿಯ ಉಸ್ತಾದರಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು, ನನಗೂ ಕೇಳಲಿ ಎಂದು. ಇದ್ದತ್ತಿನಲ್ಲಿ ಇರುವವಳು ಹೀಗೆ ಬೆರಳು ತೋರಿಸುವುದು, ಕೈಕಾಲು ಆಡಿಸುವುದು ಮಾಡಬಹುದೇ ಎಂದು ಕೇಳಿದರು. ಕೈಕಾಲು ಆಡಿಸುವ ಸಂಗತಿ ನನಗೇ ಹೊಸದು. ನಾನು ಅದನ್ನು ಮಾಡುತ್ತಿರಲಿಲ್ಲ.

"ಅದು ಹಮೀದ್ ಮಾಡ್ತಾ ಇದ್ದದ್ದಲ್ವಾ?" ಎಂದರು ಉಸ್ತಾದರು. "ಮನೆಯೊಳಗೆ ಮಾಡುದಕ್ಕೆ ಎಂತ ಅಡ್ಡಿ? ಪೂಜೆಯಲ್ಲ, ಮಂತ್ರವಲ್ಲ. ಹೊಟ್ಟೆಯಲ್ಲಿ ಮಗು ಉಂಟು, ಡಾಕ್ಟ್ರ ಹತ್ರ ಒಂದು ಮಾತು ಕೇಳಿ. ಅವರು ಆಗ್ಬಹುದು ಹೇಳಿದ್ರೆ ಧೈರ್ಯದಲ್ಲಿ ಮಾಡ್ಲಿ."

ಫೋನಿಟ್ಟ ಮಾಮಿ ನನ್ನ ಕಡೆ ತಿರುಗಿ, ಮಗಳೇ ಎನ್ನುವ ಹಾಗೆ ಮೋಳೆ ಎಂದು ಕರೆದರು. "ಡಾಕ್ಟ್ರಲ್ಲಿ ನಾನು ಕೇಳಿ ಆಯ್ತು. ಮೆಲ್ಲ ಮಾಡಿದ್ರೆ ಒಳ್ಳೆಯದೇ ಅಂತೆ. ಏಳು ಮೋಳೆ. ಅವನು ಹೇಗೆ ಮಾಡುದು, ತೋರ್ಸು."

ಪಿಯಾನೊ ಹಾಡು ಬೇಡವೆಂದರು. ಸತ್ತ ಮನೆಯಲ್ಲಿ ಅದು ಅವರಿಗೆ ಸರಿಬರಲಿಲ್ಲ. ಬದಲಿಗೆ ತಾವೇ ನಮ್ಮ ಬ್ಯಾರಿ ಭಾಷೆಯಲ್ಲಿ ಎಣಿಸಿದರು. ಒಳಕೋಣೆಯಲ್ಲಿ ಕಿಟಕಿಯ ಪರದೆ ಎಳೆದು ನಾವಿಬ್ಬರು ಎದುರುಬದುರು ನಿಂತೆವು. ನಾನು ಕೈ ಎತ್ತಿದರೆ ಅವರು ಎತ್ತುವರು, ಬದಿಗೆ ಬೀಸಿದರೆ ಬೀಸುವರು. ಅರುವತ್ತು ದಾಟಿದ ಹೆಂಗಸು, ತಲೆಯ ಶಾಲು ಜಾರುವುದನ್ನು ಸರಿಮಾಡಿಕೊಳ್ಳುತ್ತಾ, ಮಗ ಅಂಗಳದಲ್ಲಿ ಹಾರಾಡಿದ್ದನ್ನು ತಾವು ಕೋಣೆಯಲ್ಲಿ ಮಾಡುತ್ತಿದ್ದರು. ಕೈ ಪೂರ್ತಿ ಮೇಲೆತ್ತುವ ಒಂದು ಜಾಗ ಬರುತ್ತದೆ. ಅಲ್ಲಿ ಅವರು ಎಣಿಸುವುದನ್ನು ನಿಲ್ಲಿಸಿದರು. ಕೈ ಹಾಗೇ ಮೇಲಿತ್ತು.

"ನಾನು ಅವನನ್ನು ಅವನ ಲೆಕ್ಕದಲ್ಲಿ ತಿನ್ಲಿಕ್ಕೆ ಬಿಡ್ಲಿಲ್ಲ," ಎಂದರು. "ಹೊಟ್ಟೆ ತುಂಬಿತು ಹೇಳಿದ ಮೇಲೂ ಹಾಕಿದೆ. ಅದರಿಂದಲೇ ಆದದ್ದಾ ಮೋಳೆ?"

ಇಷ್ಟು ದಿನ ಅವರು ಒಳಗೆ ಇಟ್ಟುಕೊಂಡದ್ದು ಇದು. ನಾನು ಅವರ ಕೈ ಹಿಡಿದು ಕೆಳಗಿಳಿಸಿದೆ. "ಅಲ್ಲ ಮಾಮಿ. ನೀವು ಹಾಕದಿದ್ರೆ ಅವರು ಕೇಳಿ ಹಾಕಿಸ್ಕೊಳ್ತಿದ್ರು," ಎಂದೆ. ಅದು ನಿಜವೂ ಹೌದು. ಆ ದಿನ ಇಬ್ಬರೂ ಗಂಜಿ ಉಂಡೆವು, ಸರೋಜಕ್ಕ ಗೋಡೆಯ ಮೇಲಿಟ್ಟು ಹೋದ ಹುರುಳಿ ಚಟ್ನಿಯ ಜೊತೆಗೆ.

ಆಗಸ್ಟಿನಲ್ಲಿ ಮಗು ಸ್ವಲ್ಪ ಬೆಳೆಯಿತು. ತುಂಬ ಅಲ್ಲ, ಸ್ವಲ್ಪ. ಡಾಕ್ಟರಮ್ಮ ಮೊದಲ ಸಲ ನಕ್ಕರು. ಒಂದೊಂದು ವಾರವನ್ನೂ ದಾಟಿಸಿಕೊಂಡು ಹೋಗೋಣ ಎಂದರು. ದಾಟಿಸಿದೆವು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಎಂದಿನಂತೆ ಹೊಟ್ಟೆಗೆ ಬೆರಳು ತೋರಿಸಿದೆ. ಒದೆತ ಬರಲಿಲ್ಲ. ಕಾದೆ. ಎಡಕ್ಕೆ ಹೊರಳಿ ಮಲಗಿದೆ, ಸಕ್ಕರೆ ಹಾಕಿದ ನೀರು ಕುಡಿದೆ, ಮತ್ತೆ ತೋರಿಸಿದೆ. ಏನೂ ಇಲ್ಲ. ಮಾಮಿ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ತೆರೆದಾಗ ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರು ಗೋಡೆಯ ಹತ್ತಿರ ಹೋಗಿ "ಸರೋಜಾ!" ಎಂದು ಕಿರಿಚಿದರು. ಸರೋಜಕ್ಕನ ಗಂಡ ಕಡಬಕ್ಕೆ ಬಾಡಿಗೆಗೆ ಹೊರಟಿದ್ದ ಜೀಪಿನಿಂದ ಜನರನ್ನು ಇಳಿಸಿ ನಮ್ಮನ್ನು ಹತ್ತಿಸಿಕೊಂಡರು.

ಕುಮಾರಧಾರೆಯ ಸೇತುವೆ ದಾಟಿ ಸವಣೂರಿನ ದಾರಿಯಲ್ಲಿ ಜೀಪು ಹೋಗುತ್ತಿತ್ತು. ಮಳೆ ದಾರಿಯನ್ನೇ ನುಂಗಿತ್ತು. ಒಂದು ಬದಿಗೆ ಮಾಮಿ, ಇನ್ನೊಂದು ಬದಿಗೆ ಸರೋಜಕ್ಕ. ಒಬ್ಬರ ಬಾಯಲ್ಲಿ ದುವಾ, ಇನ್ನೊಬ್ಬರ ಬಾಯಲ್ಲಿ ಊರಿನ ದೈವದ ಹೆಸರು. ನನ್ನ ಉಸಿರು ಮತ್ತೆ ಸಿಕ್ಕಿಕೊಳ್ಳತೊಡಗಿತು. ಬೆರಳು ಎತ್ತಿ ಜೀಪಿನ ಬಾಗಿಲು ತೋರಿಸಿದೆ. ವೈಪರ್ ತೋರಿಸಿದೆ. ಮಾಮಿಯ ಕೈ ತೋರಿಸಿದೆ. ಯೋಶಿ, ಯೋಶಿ, ಯೋಶಿ. ಸರೋಜಕ್ಕನಿಗೆ ಏನನ್ನಿಸಿತೋ, ಅವರೂ ಹೊರಗಿನ ಮೈಲುಗಲ್ಲು, ಮೋರಿ, ಬಸ್‌ಸ್ಟ್ಯಾಂಡುಗಳನ್ನು ತೋರಿಸುತ್ತಾ ನನ್ನ ಜೊತೆಗೆ ಹೇಳತೊಡಗಿದರು. ಹೊಟ್ಟೆಯ ಕಡೆ ಮಾತ್ರ ನಾನು ಬೆರಳು ತಿರುಗಿಸಲಿಲ್ಲ. ಕೇಳಿದರೆ ಉತ್ತರ ಬರದಿದ್ದರೆ ಎಂದು.

ಪುತ್ತೂರಿನ ಆಸ್ಪತ್ರೆಯಲ್ಲಿ ಮಿಷನ್ ಇಟ್ಟು ನೋಡಿದರು. ಎದೆಬಡಿತ ಉಂಟು, ಆದರೆ ಸೋತಿದೆ, ಈಗಲೇ ತೆಗೆಯಬೇಕು ಎಂದರು. ಬೆನ್ನಿಗೆ ಸೂಜಿ ಚುಚ್ಚಿದರು, ಎದೆಯ ಮುಂದೆ ಹಸಿರು ಬಟ್ಟೆ ಕಟ್ಟಿದರು. ಕೈಗಳನ್ನು ಬದಿಗೆ ಚಾಚಿ ಮಲಗಿಸಿದ್ದರಿಂದ ಏನನ್ನೂ ತೋರಿಸುವ ಹಾಗಿರಲಿಲ್ಲ. ಸುಮ್ಮನೆ ಮೇಲಿನ ಮಾಡನ್ನು ನೋಡುತ್ತಾ ಇದ್ದೆ. ಬಹಳ ಹೊತ್ತು ಯಾವ ಸದ್ದೂ ಇರಲಿಲ್ಲ. ಆಮೇಲೆ ಬೆಕ್ಕಿನ ಮರಿಯಷ್ಟು ಸಣ್ಣ ಸ್ವರದಲ್ಲಿ ಒಂದು ಅಳು ಬಂತು. ಹೆಣ್ಣು ಎಂದರು. ಒಮ್ಮೆ ತೋರಿಸಿ, ಬಿಸಿ ಪೆಟ್ಟಿಗೆಯಲ್ಲಿಡಲು ಕೊಂಡುಹೋದರು. ಸಣ್ಣದಿದ್ದಾಳೆ, ಆದರೆ ತಾನೇ ಉಸಿರಾಡುತ್ತಿದ್ದಾಳೆ, ಹೆದರಬೇಡಿ ಎಂದು ಡಾಕ್ಟರಮ್ಮ ನನ್ನ ಹಣೆ ಮುಟ್ಟಿದರು.

ವಾರ್ಡಿಗೆ ತಂದ ಮೇಲೆ ಮಾಮಿಯನ್ನು ಒಳಗೆ ಬಿಟ್ಟರು. ಅವರು ಮಗುವನ್ನು ಗಾಜಿನ ಆಚೆಯಿಂದ ನೋಡಿ ಬಂದಿದ್ದರು. ಮೂಗು ಹಮೀದನದ್ದೇ ಎಂದರು. ನನ್ನ ತಲೆ ಸವರಿ, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು. "ಮೋಳೆ, ನಿನ್ನ ಇದ್ದತ್ ಮುಗಿಯಿತು. ಇನ್ನು ನೀನು ಬಣ್ಣದ ಬಟ್ಟೆ ಹಾಕ್ಬಹುದು, ಹೊರಗೆ ಹೋಗ್ಬಹುದು. ಇನ್ನು ನಿನಗೆ ಯಾವ ಕಟ್ಟೂ ಇಲ್ಲ."

ಸಂತೋಷವಾಗಲೆಂದೇ ಹೇಳಿದ್ದು ಅವರು. ಆ ಕೋಣೆಯಿಂದ ಹೊರಬಂದರೆ ಸಾಕೆಂದು ನಾನೆಷ್ಟು ಸಲ ಗೋಡೆಗೆ ತಲೆ ಒರಗಿಸಿ ಕುಳಿತಿದ್ದೆನೋ ಅವರಿಗೆ ಗೊತ್ತಿತ್ತು. ಆದರೆ ಅಲ್ಲಿಯವರೆಗೆ ನಾನು ಉಟ್ಟದ್ದು, ಉಡದೆ ಬಿಟ್ಟದ್ದು, ಕಿಟಕಿಯ ಪರದೆ ಎಳೆದದ್ದು, ಅಂಗಳಕ್ಕೆ ಇಳಿಯದಿದ್ದದ್ದು ಎಲ್ಲವೂ ಇವರಿಗಾಗಿ. ಸತ್ತ ಮೇಲೂ ಅಷ್ಟು ದಿನ ಇವರ ಹೆಂಡತಿಯಾಗಿ ನನಗೊಂದು ಕೆಲಸವಿತ್ತು. ಮಗಳು ಅತ್ತ ಆ ಕ್ಷಣಕ್ಕೆ ಅದು ಮುಗಿದುಹೋಗಿತ್ತು.

"ಬೇಡ ಮಾಮಿ," ಎಂದೆ. "ಇನ್ನೊಂದು ದಿನ ಇರ್ಲಿ."

"ಇರ್ಲಿಕ್ಕೆ ಆಗುದಿಲ್ಲ ಮೋಳೆ. ಅದು ನಾವು ಹೇಳಿದ ಹಾಗೆ ಅಲ್ಲ."

"ಒಂದೇ ಒಂದು ದಿನ," ಎಂದು ಅವರ ಶಾಲಿನ ತುದಿ ಹಿಡಿದುಕೊಂಡೆ. ಹೊಲಿಗೆ ಹಾಕಿದ ಹೊಟ್ಟೆ ನೋಯುತ್ತಿತ್ತು, ಅಳಬೇಡಿ ಎಂದು ನರ್ಸ್ ಬೈಯುತ್ತಿದ್ದರು. ನಾನು ಬಿಡಲಿಲ್ಲ. ಮಾಮಿಯೂ ಬಿಡಿಸಿಕೊಳ್ಳಲಿಲ್ಲ.